ರನ್ನಿನಿಂದ ಡಾಲರಿಗೆ: ಬೇಸ್‌ಬಾಲ್ ಕೇಸ್ ಸ್ಪರ್ಧೆಯಲ್ಲಿ ಲೆಕ್ಕ ಎಲ್ಲಿ ಜಾರುತ್ತದೆ

ಅಮೆರಿಕದಲ್ಲಿ ಡೇಟಾ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್, ಎಂಬಿಎ ಓದಲು ಹೋದ ನಮ್ಮ ಕಡೆಯವರಿಗೆ ಬೇಸ್‌ಬಾಲ್ ಎಂದರೆ ಮೊದಮೊದಲು ಅರ್ಥವಾಗದ ಕ್ರಿಕೆಟ್ಟು. ಆದರೂ ಬೇಸ್‌ಬಾಲ್ ತಂಡದ ಕಚೇರಿಯ ಪ್ರಶ್ನೆಗಳನ್ನು ಬಿಡಿಸುವ ವಿದ್ಯಾರ್ಥಿ ಸ್ಪರ್ಧೆಗೆಂದು ಕ್ಲಾಸಿನಲ್ಲಿ ನಾಲ್ಕೈದು ಜನ ಸೇರಿ ತಂಡ ಕಟ್ಟುವಾಗ "ಪೈಥಾನ್ ಗೊತ್ತಿರುವವರು ಒಬ್ಬರು ಬೇಕು" ಎಂದು ಹುಡುಕಿಕೊಂಡು ಬರುತ್ತಾರೆ. ಹೋಗಿ. ಆಟ ಗೊತ್ತಿಲ್ಲದಿದ್ದರೆ ಒಂದು ಅನುಕೂಲವೂ ಇದೆ: ಚಿಕ್ಕಂದಿನಿಂದ ಆಟ ನೋಡಿ ಬೆಳೆದವರು ಪ್ರಶ್ನಿಸದೆ ಬಿಡುವ ಮಾತನ್ನು ನೀವು ಪ್ರಶ್ನಿಸುತ್ತೀರಿ.

ನಾನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರುವುದು ಡೈಮಂಡ್ ಡಾಲರ್ಸ್ ಕೇಸ್ ಕಾಂಪಿಟಿಷನ್ ಅನ್ನು. ಸೇಬರ್ ಎಂದು ಕರೆಯುವ ಸೊಸೈಟಿ ಫಾರ್ ಅಮೆರಿಕನ್ ಬೇಸ್‌ಬಾಲ್ ರಿಸರ್ಚ್ 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹುಟ್ಟಿತು. ಬೇಸ್‌ಬಾಲ್ ಲೇಖಕ ಬಿಲ್ ಜೇಮ್ಸ್ ಆಟದ ಅಂಕಿಅಂಶಗಳ ಅಧ್ಯಯನಕ್ಕೆ 'ಸೇಬರ್‌ಮೆಟ್ರಿಕ್ಸ್' ಎಂಬ ಪದ ಕಟ್ಟಿದ್ದು ಈ ಸಂಸ್ಥೆಯ ಹೆಸರಿನಿಂದಲೇ. 2012ರಲ್ಲಿ ಶುರುವಾದ ಅದರ ಅನಾಲಿಟಿಕ್ಸ್ ಸಮ್ಮೇಳನದ ಜೊತೆ ಈ ಸ್ಪರ್ಧೆ ನಡೆಯುತ್ತದೆ. ಇದರ ಹಿಂದಿರುವವರು ಸಂಸ್ಥೆಯ ಮಾಜಿ ಅಧ್ಯಕ್ಷ ವಿನ್ಸ್ ಗೆನ್ನಾರೊ. ಸಮ್ಮೇಳನ ಹೆಚ್ಚಾಗಿ ಸೇರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ, ಸೀಸನ್ ಶುರುವಾಗುವ ಮುಂಚೆ. ಆ ಹೊತ್ತಿಗೆ ಮೇಜರ್ ಲೀಗ್‌ನ 30 ತಂಡಗಳಲ್ಲಿ ಅರ್ಧದಷ್ಟು ಅಭ್ಯಾಸಕ್ಕೆಂದು ಅದೇ ಊರಿನ ಸುತ್ತಮುತ್ತ ಬೀಡು ಬಿಟ್ಟಿರುತ್ತವೆ. ತಂಡಗಳ ಕಚೇರಿಯಲ್ಲಿ ದಿನವೂ ಇದೇ ಕೆಲಸ ಮಾಡುವವರು ತೀರ್ಪುಗಾರರಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಕೇಸ್ ಎಂದರೆ ಆಟಗಾರರನ್ನು ಕೊಳ್ಳುವ–ಬಿಡುವ ತೀರ್ಮಾನ ಮಾಡುವ ಜನರಲ್ ಮ್ಯಾನೇಜರ್ ಮುಂದೆ ಬರುವಂಥ ಪ್ರಶ್ನೆ. ಈ ಆಟಗಾರನಿಗೆ ಎಷ್ಟು ಕೊಡಬಹುದು, ಈ ತಂತ್ರ ಲಾಭವೋ ನಷ್ಟವೋ, ಈ ನಿಯಮ ಬದಲಾದರೆ ಯಾರ ಬೆಲೆ ಏರುತ್ತದೆ, ಹೀಗೆ. ಪ್ರಶ್ನೆ ಕೈಗೆ ಬಂದ ಮೇಲೆ ಸಿಗುವುದು ಕೆಲವೇ ದಿನ. ಅದರಲ್ಲಿ ಬಹುಪಾಲು ಮಾಡೆಲ್ ಕಟ್ಟುವುದಕ್ಕೇ ಕಳೆದುಹೋಗುತ್ತದೆ. ಸೋಲುವುದು ಅಲ್ಲಲ್ಲ. ಪಿಚ್‌ನಿಂದ (ಇಲ್ಲಿ ಪಿಚ್ ಎಂದರೆ ಮೈದಾನದ ಪಟ್ಟಿಯಲ್ಲ, ಪಿಚರ್ ಎಂಬ ಬೌಲರ್ ಬ್ಯಾಟರ್‌ಗೆ ಎಸೆಯುವ ಒಂದು ಚೆಂಡು) ರನ್ನಿಗೆ, ರನ್ನಿನಿಂದ ಗೆಲುವಿಗೆ, ಗೆಲುವಿನಿಂದ ಡಾಲರಿಗೆ ಹೋಗುವ ಸರಪಳಿಯ ಕೊಂಡಿಗಳಲ್ಲಿ. ಒಂದು ಕೊಂಡಿ ಸಡಿಲವಾದರೂ ಮೇಲೆ ಎಷ್ಟು ಚೆಂದದ ರಾಂಡಮ್ ಫಾರೆಸ್ಟ್ ಮಾಡೆಲ್ ಕೂರಿಸಿದರೂ ಉಪಯೋಗವಿಲ್ಲ.

ಮೊದಲ ಕೊಂಡಿ: ಇಪ್ಪತ್ನಾಲ್ಕು ಮನೆಗಳ ಕೋಷ್ಟಕ

ಕ್ರಿಕೆಟ್‌ನ ಡಕ್‌ವರ್ತ್–ಲೂಯಿಸ್ ಕೋಷ್ಟಕ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಉಳಿದ ಓವರ್ ಮತ್ತು ಬಿದ್ದ ವಿಕೆಟ್. ಇಲ್ಲಿ ಓಟಗಾರ ಮೂರು ಬೇಸ್ ದಾಟಿ ಹೊರಟಲ್ಲಿಗೇ ಬಂದರೆ ಒಂದು ರನ್, ಮೂರು ಔಟ್ ಆದರೆ ಇನ್ನಿಂಗ್ಸ್ ಮುಗಿಯಿತು. ಹಾಗಾಗಿ ನೋಡುವುದು ಬೇಸ್‌ಗಳ ಮೇಲೆ ಯಾರ್‍ಯಾರು ನಿಂತಿದ್ದಾರೆ (8 ಬಗೆ), ಎಷ್ಟು ಔಟ್ ಆಗಿದೆ (0, 1, 2). 8ನ್ನು 3ರಿಂದ ಗುಣಿಸಿದರೆ 24. ಪ್ರತಿ ಸ್ಥಿತಿಯಿಂದ ಆ ಇನ್ನಿಂಗ್ಸ್ ಮುಗಿಯುವವರೆಗೆ ಸರಾಸರಿ ಎಷ್ಟು ರನ್ ಬರುತ್ತದೆ ಎಂಬುದೇ ರನ್ ಎಕ್ಸ್‌ಪೆಕ್ಟೆನ್ಸಿ. ಬೇಸ್‌ಬಾಲ್ ವಿಶ್ಲೇಷಕ ಟಾಮ್ ಟ್ಯಾಂಗೊ 2010–2015ರ ಪಂದ್ಯಗಳಿಂದ ಮಾಡಿದ ಕೋಷ್ಟಕದ ಕೆಲವು ಮನೆಗಳು ಬಾಯಿಪಾಠವಾಗಿರಲಿ: ಬೇಸ್ ಖಾಲಿ, ಔಟ್ ಇಲ್ಲ, 0.481. ಮೊದಲ ಬೇಸ್‌ನಲ್ಲಿ ಒಬ್ಬ, ಔಟ್ ಇಲ್ಲ, 0.859. ಎರಡನೇ ಬೇಸ್‌ನಲ್ಲಿ ಒಬ್ಬ, ಔಟ್ ಇಲ್ಲ, 1.100. ಮೂರೂ ಬೇಸ್ ಭರ್ತಿ, ಔಟ್ ಇಲ್ಲ, 2.292.

ಇದರಿಂದ ತಕ್ಷಣ ಏನು ಕಾಣುತ್ತದೆ ನೋಡಿ. ಮೊದಲ ಬೇಸ್‌ನಲ್ಲಿ ಓಟಗಾರ, ಔಟ್ ಇಲ್ಲ. ಬ್ಯಾಟರ್ ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾಗಿ ಅವನನ್ನು ಎರಡನೇ ಬೇಸ್‌ಗೆ ದಾಟಿಸುವ ಬಂಟ್ ಆಡುತ್ತಾನೆ. ಎರಡನೇ ಬೇಸ್, ಒಂದು ಔಟ್ ಎಂದರೆ 0.664. ಸುಮಾರು 0.2 ರನ್ ಕೈಬಿಟ್ಟಂತಾಯಿತು. ಆದರೆ ಇಷ್ಟಕ್ಕೇ "ಬಂಟ್ ದಡ್ಡತನ" ಎಂದು ಸ್ಲೈಡ್ ಹಾಕಬೇಡಿ. ಒಂದೇ ರನ್ ಸಾಕಾಗುವ ಕೊನೆಯ ಇನ್ನಿಂಗ್ಸ್‌ನಲ್ಲಿ ಸರಾಸರಿ ರನ್ ಅಲ್ಲ, ಒಂದಾದರೂ ರನ್ ಬರುವ ಸಂಭವ ನೋಡಬೇಕು. ಎರಡನೇ ಬೇಸ್, ಔಟ್ ಇಲ್ಲದಾಗ ಅದು ಸುಮಾರು 61%. ಬಂಟ್ ಆಡಿ ಅವನು ಮೂರನೇ ಬೇಸ್‌ಗೆ ಹೋಗಿ ಒಂದು ಔಟ್ ಆದಾಗ ಸುಮಾರು 66%. 2020ರಿಂದ ಹೆಚ್ಚುವರಿ ಇನ್ನಿಂಗ್ಸ್ ಶುರುವಾಗುವುದೇ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ನಿಲ್ಲಿಸಿ. ಹಾಗಾಗಿ ಅಲ್ಲಿ ಬಂಟ್‌ಗೆ ಅರ್ಥವಿದೆ. ಯಾವ ಪ್ರಶ್ನೆಗೆ ಯಾವ ಕೋಷ್ಟಕ ಎಂಬುದೇ ಅರ್ಧ ಕೆಲಸ.

ಇನ್ನೊಂದು ಮಾತು: 2010–2015ರ ಕೋಷ್ಟಕವನ್ನು ಹಾಗೇ ಎತ್ತಿ 2024ರ ಪ್ರಶ್ನೆಗೆ ಹಾಕಿದರೆ ತೀರ್ಪುಗಾರರು ಹಿಡಿಯುತ್ತಾರೆ. ಕೈಲೆಕ್ಕಕ್ಕೆ ಅದು ಸಾಕು. ಸ್ಲೈಡಿಗೆ ಮಾತ್ರ ಸಂಬಂಧಪಟ್ಟ ಸೀಸನ್‌ಗಳಿಂದ ನೀವೇ ಕಟ್ಟಿ. ಕಟ್ಟುವಾಗ ಒಂಬತ್ತನೇ (ಕೊನೆಯ) ಇನ್ನಿಂಗ್ಸ್‌ನ ಕೆಳಭಾಗವನ್ನೂ (ಎರಡನೆಯದಾಗಿ ಬ್ಯಾಟ್ ಮಾಡುವ ತಂಡದ ಸರದಿ) ಹೆಚ್ಚುವರಿ ಇನ್ನಿಂಗ್ಸ್‌ಗಳನ್ನೂ ತೆಗೆದುಬಿಡಿ. ಗೆಲುವಿನ ರನ್ ಬಂದ ಕೂಡಲೇ ಆಟ ನಿಲ್ಲುವುದರಿಂದ ಆ ಇನ್ನಿಂಗ್ಸ್‌ಗಳು ಅರ್ಧಕ್ಕೆ ಕತ್ತರಿಸಿದವು, ಸರಾಸರಿಯನ್ನು ಕೆಳಗೆಳೆಯುತ್ತವೆ.

ಕದಿಯುವುದು ಎಷ್ಟು ಸಲ ಗಿಟ್ಟಬೇಕು

ಬೇಸ್ ಕದಿಯುವ, ಅಂದರೆ ಬ್ಯಾಟರ್ ಹೊಡೆಯುವುದನ್ನು ಕಾಯದೆ ಓಟಗಾರ ಮುಂದಿನ ಬೇಸ್‌ಗೆ ಓಡುವ, ಲೆಕ್ಕ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಔಟ್ ಇಲ್ಲದಾಗ ಮೊದಲ ಬೇಸ್‌ನಿಂದ ಎರಡಕ್ಕೆ ಓಡಿ ಗೆದ್ದರೆ 0.859ರಿಂದ 1.100ಕ್ಕೆ, ಲಾಭ 0.241. ಸಿಕ್ಕಿಬಿದ್ದರೆ ಬೇಸ್ ಖಾಲಿ, ಒಂದು ಔಟ್, 0.254ಕ್ಕೆ ಕುಸಿತ, ನಷ್ಟ 0.605. ನಷ್ಟವನ್ನು ಲಾಭ–ನಷ್ಟಗಳ ಮೊತ್ತದಿಂದ ಭಾಗಿಸಿದರೆ 71.5%. ಅಷ್ಟು ಸಲ ಗೆದ್ದರೆ ಸರಿಸಮ. ಒಂದು ಔಟ್ ಆದಾಗ ಇದು 72.6%, ಎರಡು ಔಟ್ ಆದಾಗ 70.2%. ಅಂದರೆ ಹೆಚ್ಚುಕಡಿಮೆ 72%.

2023ರಲ್ಲಿ ನಿಯಮ ಬದಲಾಯಿತು. ಬೇಸ್‌ಗಳ ಅಗಲ 15 ಇಂಚಿನಿಂದ 18 ಇಂಚಿಗೆ ಹೋಯಿತು, ಮೊದಲ ಮತ್ತು ಎರಡನೇ ಬೇಸ್ ನಡುವಿನ ದೂರ ನಾಲ್ಕೂವರೆ ಇಂಚು ತಗ್ಗಿತು. ಪಿಚ್ ಎಸೆಯಲು ಗಡಿಯಾರ ಬಂತು. ಓಟಗಾರನನ್ನು ಹೆದರಿಸಲು ಪಿಚರ್ ಎಷ್ಟು ಸಲ ಬೇಕಾದರೂ ಬೇಸ್‌ಗೆ ಎಸೆಯುವ ಹಾಗಿಲ್ಲ, ಎರಡು ಸಲಕ್ಕೆ ಮಿತಿ. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳು 2023ರಲ್ಲಿ 3,503ಕ್ಕೆ ಏರಿದವು. ಯಶಸ್ಸು 75%ರ ಆಸುಪಾಸಿನಿಂದ 80%ಕ್ಕೆ ಬಂತು.

ಇಲ್ಲಿ ಹತ್ತರಲ್ಲಿ ಒಂಬತ್ತು ವಿದ್ಯಾರ್ಥಿ ತಂಡಗಳು ಬರೆಯುವ ವಾಕ್ಯ: "ಸರಿಸಮ 72%, ಲೀಗ್ 80%, ಆದ್ದರಿಂದ ತಂಡಗಳು ಇನ್ನೂ ಹೆಚ್ಚು ಕದಿಯಬೇಕು." ತಪ್ಪು ಎಂದಲ್ಲ, ಸಾಬೀತಾಗಿಲ್ಲ. 80% ಎಂಬುದು ಓಡಿದವರ ಸರಾಸರಿ. ಓಡದೆ ನಿಂತವರು ನಿಧಾನಿಗಳು, ಅಥವಾ ಎದುರಿಗೆ ಕೈ ಚುರುಕಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂರುವ ವಿಕೆಟ್‌ಕೀಪರ್ ಥರದವನು) ಇದ್ದ. ಇನ್ನೊಂದು ಓಟ ಸೇರಿಸಿದರೆ ಅದು ಈ ಉಳಿದವರಿಂದಲೇ ಬರಬೇಕು. ಅರ್ಥಶಾಸ್ತ್ರದ ಪಾಠದಲ್ಲಿ ಸೀಮಾಂತ ಎನ್ನುತ್ತಾರಲ್ಲ, ನೋಡಬೇಕಾದ್ದು ಅದನ್ನು. ಓಟಗಾರನ ವೇಗ, ಪಿಚರ್ ಎಡಗೈಯವನೋ ಬಲಗೈಯವನೋ, ಕ್ಯಾಚರ್‌ನ ಎಸೆತದ ಸಮಯ, ಇವನ್ನು ಇಟ್ಟುಕೊಂಡು ಪ್ರತಿ ಅವಕಾಶಕ್ಕೂ ಗೆಲ್ಲುವ ಸಂಭವ ಅಂದಾಜು ಮಾಡಿ. ಆಮೇಲೆ ಅಂದಾಜು 72%ಕ್ಕಿಂತ ಮೇಲಿದ್ದೂ ಓಡದೆ ಬಿಟ್ಟ ಅವಕಾಶಗಳು ಎಷ್ಟು ಎಂದು ಎಣಿಸಿ. ಉತ್ತರ ಆ ಎಣಿಕೆಯಲ್ಲಿದೆ.

ಒಂದು ಕೇಸ್ ಪೂರ್ತಿ ಬಿಡಿಸಿದರೆ

ಅಭ್ಯಾಸಕ್ಕೆ ಒಂದು ಕಾಲ್ಪನಿಕ ಪ್ರಶ್ನೆ. 30 ವರ್ಷದ ಒಬ್ಬ ಕ್ಯಾಚರ್ ಮಾರುಕಟ್ಟೆಯಲ್ಲಿದ್ದಾನೆ. ಕಳೆದ ಸೀಸನ್ನಿನಲ್ಲಿ ಕದಿಯಲು ಬಂದವರಲ್ಲಿ 27% ಜನರನ್ನು ಹಿಡಿದ, ಲೀಗ್ ಸರಾಸರಿ 20%. ಒಳ್ಳೆಯ ಫ್ರೇಮರ್ (ಅಂಚಿನ ಪಿಚ್ಚನ್ನು ಅಂಪೈರ್ ಮೆಚ್ಚುವಂತೆ ಹಿಡಿಯುವವನು) ಕೂಡ. ನಾಲ್ಕು ವರ್ಷಕ್ಕೆ 56 ಮಿಲಿಯನ್ ಡಾಲರ್ ಕೇಳುತ್ತಿದ್ದಾನೆ. ನಿಮ್ಮ ತಂಡ 87 ಗೆಲುವಿನ ಆಸುಪಾಸಿನಲ್ಲಿದೆ, ಕೈಯಲ್ಲಿ ಕನಿಷ್ಠ ಸಂಬಳದ ಎಳೆಯ ಕ್ಯಾಚರ್ ಒಬ್ಬನಿದ್ದಾನೆ. ಕೊಡುವುದೋ ಬೇಡವೋ?

ಮೊದಲು ತೋಳಿನ ಬೆಲೆ. 2023ರಲ್ಲಿ ಒಂದು ತಂಡದ ವಿರುದ್ಧ ಪಂದ್ಯಕ್ಕೆ ಸುಮಾರು 0.9 ಕದಿಯುವ ಯತ್ನ ನಡೆಯಿತು. 120 ಪಂದ್ಯ ಆಡುವ ಕ್ಯಾಚರ್‌ಗೆ 108 ಯತ್ನ. 27%ಕ್ಕೂ 20%ಕ್ಕೂ ವ್ಯತ್ಯಾಸ ಏಳೂವರೆ ಔಟ್. ಒಬ್ಬನನ್ನು ಬಿಟ್ಟುಕೊಡುವುದಕ್ಕೂ ಹಿಡಿಯುವುದಕ್ಕೂ ಅಂತರ ಔಟ್ ಇಲ್ಲದಾಗ 0.846 ರನ್, ಒಂದು ಔಟ್ ಆದಾಗ 0.566, ಎರಡು ಔಟ್ ಆದಾಗ 0.319. ಯತ್ನಗಳು ಔಟ್ ಹೆಚ್ಚಾದಾಗಲೇ ಜಾಸ್ತಿ, ಆದ್ದರಿಂದ ಸರಾಸರಿ ಸುಮಾರು ಅರ್ಧ ರನ್ ಎಂದಿಟ್ಟುಕೊಳ್ಳಿ. ಒಟ್ಟು ನಾಲ್ಕು ರನ್ನೂ ಆಗಲಿಲ್ಲ! ಹೈಲೈಟ್ಸ್‌ನಲ್ಲಿ ಮೈನವಿರೇಳಿಸುವ ಎಸೆತಗಳ ಇಡೀ ವರ್ಷದ ಗಳಿಕೆ ಅಷ್ಟೇ.

ಅದೂ ಪೂರ್ತಿ ಅವನದಲ್ಲ. 108 ಯತ್ನಗಳಲ್ಲಿ 20%ರ ಪ್ರಮಾಣಿತ ದೋಷ ಸುಮಾರು 3.85 ಶೇಕಡಾ ಅಂಶ (ಬರೀ ಅದೃಷ್ಟದಿಂದ ಆಗುವ ಏರಿಳಿತ). 7 ಅಂಶದ ವ್ಯತ್ಯಾಸ ಎರಡು ದೋಷದಷ್ಟೂ ಇಲ್ಲ. ಆದ್ದರಿಂದ ಸರಾಸರಿಯ ಕಡೆಗೆ ಎಳೆಯಬೇಕು. ಲೀಗ್ ಸರಾಸರಿಯ 100 ಯತ್ನ ಸೇರಿಸಿ ನೋಡಿ: 29 ಮತ್ತು 20 ಸೇರಿ 49, ಅದನ್ನು 208ರಿಂದ ಭಾಗಿಸಿದರೆ 23.6%. ನಾಲ್ಕು ರನ್ ಈಗ ಎರಡಾಯಿತು. ಎಷ್ಟು ಯತ್ನ ಸೇರಿಸಬೇಕು ಎಂಬುದನ್ನು ಊಹಿಸಬೇಡಿ. ಕ್ಯಾಚರ್‌ಗಳ ಒಂದು ವರ್ಷದ ಅಂಕಿಯನ್ನು ಮುಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಿ, ಅದರಿಂದ ಹೊರತೆಗೆಯಿರಿ. ಇನ್ನೂ ಒಳ್ಳೆಯದು ಪಾಪ್ ಟೈಮ್ ಬಳಸುವುದು: ಚೆಂಡು ಕ್ಯಾಚರ್‌ನ ಗ್ಲೌಸ್‌ಗೆ ಬಿದ್ದಲ್ಲಿಂದ ಎರಡನೇ ಬೇಸ್ ತಲುಪುವವರೆಗಿನ ಸಮಯ. ಸಾಮಾನ್ಯ ಕ್ಯಾಚರ್‌ಗೆ 2.0 ಸೆಕೆಂಡ್. ಫಲಿತಾಂಶಕ್ಕಿಂತ ಇಂಥ ಅಳತೆ ಬೇಗ ನಿಲುಗಡೆಗೆ ಬರುತ್ತದೆ.

"ಅವನಿಗೆ ಹೆದರಿ ಓಡದೆ ನಿಂತವರ ಲೆಕ್ಕ?" ಎಂದು ತಂಡದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ನಿರಾಸೆಯದು. ಹೆದರಿ ನಿಲ್ಲುವವರು ಅಂಚಿನಲ್ಲಿರುವವರು, 72%ರ ಸುತ್ತಮುತ್ತ ಗೆಲ್ಲುವವರು. ಅವರು ಓಡಿದರೂ ಸರಾಸರಿಯಲ್ಲಿ ಸೊನ್ನೆ, ನಿಂತರೂ ಸೊನ್ನೆ. ಆದ್ದರಿಂದ ತಡೆದ ಯತ್ನಗಳಿಗೆ ದೊಡ್ಡ ಬೆಲೆ ಕಟ್ಟಿದರೆ ನಿಮ್ಮದೇ ಸರಿಸಮದ ಸ್ಲೈಡ್ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಹಣ ಇರುವುದು ಫ್ರೇಮಿಂಗ್‌ನಲ್ಲಿ. ಅಂಚಿಗೆ ಬಿದ್ದ ಪಿಚ್ಚನ್ನು ಅಂಪೈರ್ ಸ್ಟ್ರೈಕ್ (ಬ್ಯಾಟರ್‌ಗೆ ವಿರುದ್ಧವಾದ ತೀರ್ಪು; ಅಲ್ಲದ್ದು ಬಾಲ್) ಎನ್ನುವಂತೆ ಹಿಡಿಯುವ ಕೈಚಳಕಕ್ಕೆ ಒಂದು ಪಿಚ್‌ಗೆ ಸುಮಾರು 0.125 ರನ್. ಸೀಸನ್ನಿಗೆ ನೂರು ಸ್ಟ್ರೈಕ್ ಹೆಚ್ಚು ತಂದರೆ ಹನ್ನೆರಡೂವರೆ ರನ್. ತೋಳಿನ ಎರಡು ರನ್ ಎಲ್ಲಿ, ಸದ್ದಿಲ್ಲದೆ ಮಣಿಕಟ್ಟು ತಿರುಗಿಸುವ ಈ ಹನ್ನೆರಡೂವರೆ ಎಲ್ಲಿ.

ಆದರೆ ಒಪ್ಪಂದ ಮುಂದಿನ ನಾಲ್ಕು ವರ್ಷಕ್ಕೆ. 2026ರ ಸೀಸನ್ನಿನಿಂದ ಅಂಪೈರ್‌ನ ಬಾಲ್–ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸಿ ಕ್ಯಾಮೆರಾ ನೋಡಿಸುವ ವ್ಯವಸ್ಥೆಗೆ ಮೇಜರ್ ಲೀಗ್ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ತಂಡಕ್ಕೆ ಎರಡು ಸವಾಲು, ಗೆದ್ದರೆ ಉಳಿಯುತ್ತದೆ. ಕ್ರಿಕೆಟ್‌ನ ಡಿಆರ್‌ಎಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರೇಮಿಂಗ್ ಇದರಿಂದ ಸಾಯುವುದಿಲ್ಲ, ಸವೆಯುತ್ತದೆ. ಎಷ್ಟು ಎನ್ನುವುದು ಊಹೆ, ಹಾಗಾಗಿ ಒಂದೇ ಸಂಖ್ಯೆ ಕೊಡದೆ 10%, 25%, 40% ಎಂದು ಮೂರು ಮಟ್ಟ ಇಟ್ಟು ಓಡಿಸಿ.

ಗೆಲುವು, ಆಮೇಲೆ ದುಡ್ಡು

ರನ್ನಿನಿಂದ ಗೆಲುವಿಗೆ ಹೋಗಲು ಪೈಥಾಗೋರಿಯನ್ ಸೂತ್ರ ಸಾಕು: ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳನ್ನು ಒಂದು ಘಾತಕ್ಕೇರಿಸಿ, ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸುವುದು. 750 ರನ್ ಹೊಡೆದು 700 ಬಿಟ್ಟುಕೊಡುವ ತಂಡಕ್ಕೆ, ಘಾತ 1.83 ಇಟ್ಟರೆ, 162 ಪಂದ್ಯದಲ್ಲಿ 86.1 ಗೆಲುವು. 10 ರನ್ ಉಳಿಸಿ 690 ಮಾಡಿ, 87.2. ಹತ್ತು ರನ್ನಿಗೆ ಒಂದು ಗೆಲುವು ಎಂಬ ಬಾಯಿಲೆಕ್ಕ ಇಲ್ಲಿಂದಲೇ.

ಗೆಲುವಿನಿಂದ ಡಾಲರಿಗೆ ದಾಟುವಲ್ಲಿ ಅತಿ ಹೆಚ್ಚು ತಂಡಗಳು ಜಾರಿ ಬೀಳುತ್ತವೆ. ಎಲ್ಲರೂ ಮಾಡುವುದು ಹೀಗೆ: ಆಟಗಾರ 2.5 ವಾರ್ (ಬದಲಿ ಆಟಗಾರನಿಗಿಂತ ಅವನು ತರುವ ಹೆಚ್ಚುವರಿ ಗೆಲುವು), ವರ್ಷಕ್ಕೆ ಅರ್ಧ ವಾರ್ ಇಳಿಯುತ್ತಾನೆ, ನಾಲ್ಕು ವರ್ಷಕ್ಕೆ 2.5, 2.0, 1.5, 1.0, ಒಟ್ಟು 7. ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ 8 ಮಿಲಿಯನ್ ಎಂದರೆ 56 ಮಿಲಿಯನ್. ಕೇಳಿದ್ದೂ 56, ಆದ್ದರಿಂದ ಕೊಡಿ. ಅಚ್ಚುಕಟ್ಟಾಗಿದೆ, ಪ್ರಶ್ನೆಗೆ ಮಾತ್ರ ಉತ್ತರವಲ್ಲ. ವಾರ್ ಅಳೆಯುವುದು ಯಾವ ಕ್ಷಣದಲ್ಲೂ ಅಗ್ಗಕ್ಕೆ ಸಿಗುವ ಬದಲಿ ಆಟಗಾರನಿಗೆ ಹೋಲಿಸಿ. ನಿಮ್ಮ ತಂಡದಲ್ಲಿ ಈಗಾಗಲೇ ಒಬ್ಬನಿದ್ದಾನೆ. ಅವನು ವರ್ಷಕ್ಕೆ 1.0 ವಾರ್ ಕೊಡುತ್ತಾನೆ ಎನ್ನಿ. ಹಾಗಾದರೆ ಹೊಸಬನಿಂದ ಸಿಗುವ ಹೆಚ್ಚುವರಿ 1.5, 1.0, 0.5, 0. ಒಟ್ಟು ಮೂರೇ ಗೆಲುವು. ಎಳೆಯನ ಸಂಬಳ ನಾಲ್ಕು ವರ್ಷಕ್ಕೆ ಸುಮಾರು 3 ಮಿಲಿಯನ್ (2025ರಲ್ಲಿ ಲೀಗಿನ ಕನಿಷ್ಠ ಸಂಬಳ 7,60,000 ಡಾಲರ್. ನಾಲ್ಕನೇ ವರ್ಷ ಆರ್ಬಿಟ್ರೇಷನ್‌ಗೆ (ಸಂಬಳ ತೀರ್ಮಾನಿಸುವ ಮಧ್ಯಸ್ಥಿಕೆಗೆ) ಬಂದರೆ ಸ್ವಲ್ಪ ಏರುತ್ತದೆ, ಚಿತ್ರ ಬದಲಾಗುವುದಿಲ್ಲ). 53 ಮಿಲಿಯನ್ ಹೆಚ್ಚು ಕೊಟ್ಟು 3 ಗೆಲುವು ಎಂದರೆ ಒಂದು ಗೆಲುವಿಗೆ ಸುಮಾರು 18 ಮಿಲಿಯನ್.

ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಡುವುದೂ ಕೆಲವೊಮ್ಮೆ ಸರಿ, ಏಕೆಂದರೆ ಎಲ್ಲ ಗೆಲುವೂ ಒಂದೇ ಬೆಲೆಯದ್ದಲ್ಲ. ಗೆನ್ನಾರೊ ಹೇಳುವ ವಿನ್ ಕರ್ವ್ ಇದೇ: 70ರಿಂದ 71ಕ್ಕೆ ಹೋದ ತಂಡಕ್ಕೆ ಹೆಚ್ಚು ಟಿಕೆಟ್ ಮಾರಾಟವಾಗುವುದಿಲ್ಲ. 87ರಿಂದ 88ಕ್ಕೆ ಹೋದರೆ ಪ್ಲೇಆಫ್ ಬಾಗಿಲು ತೆರೆಯುವ ಸಂಭವ ಏರುತ್ತದೆ, ಅದರ ಹಿಂದೆ ದುಡ್ಡು ಬರುತ್ತದೆ. ನಮ್ಮ ತಂಡ ಆ ಕಡಿದಾದ ಜಾಗದಲ್ಲಿದೆ, ಅದಕ್ಕೆ ಒಂದು ಗೆಲುವಿನ ಬೆಲೆ 12 ಮಿಲಿಯನ್ ಎಂದು ಒಪ್ಪಿದರೆ, ಮೂರು ಗೆಲುವಿಗೆ 36, ಎಳೆಯನಿಗೆ ಕೊಡದೆ ಉಳಿಸಿದ ಸಂಬಳ 3 ಸೇರಿಸಿ 39. ಇದು ಗರಿಷ್ಠ ಮಿತಿ. ಫ್ರೇಮಿಂಗ್‌ನಲ್ಲಿ ಕಾಲು ಭಾಗ ಸವೆದರೆ ವರ್ಷಕ್ಕೆ 0.3 ಗೆಲುವು, ನಾಲ್ಕು ವರ್ಷಕ್ಕೆ 1.2 ಹೋಯಿತು. ಉಳಿದದ್ದು 1.8, ಮಿತಿ 25ಕ್ಕೆ ಇಳಿಯಿತು. (ಎಳೆಯ ಕ್ಯಾಚರ್ ಫ್ರೇಮಿಂಗ್‌ನಲ್ಲಿ ಸರಾಸರಿ ಎಂಬ ಊಹೆ ಇದರೊಳಗಿದೆ. ಊಹೆಯನ್ನು ಸ್ಲೈಡ್ ಮೇಲೇ ಬರೆಯಿರಿ.)

ಸಂಬಳದ ಲೆಕ್ಕದಲ್ಲಿ ಲಕ್ಷುರಿ ಟ್ಯಾಕ್ಸ್ (ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ಲೀಗಿಗೆ ಕಟ್ಟುವ ತೆರಿಗೆ) ಮರೆಯುವವರು ಬಹಳ. 2025ರ ಗೆರೆ 241 ಮಿಲಿಯನ್. ಮೊದಲ ಸಲ ದಾಟಿದರೆ ದಾಟಿದ ಮೊತ್ತಕ್ಕೆ 20%, ಸತತ ಎರಡನೇ ವರ್ಷ 30%, ಮೂರನೇ ವರ್ಷದಿಂದ 50%. ಹೆಚ್ಚು ದಾಟಿದರೆ ಮೇಲೆ ಇನ್ನಷ್ಟು. ಲೆಕ್ಕ ಹಿಡಿಯುವುದು ಆ ವರ್ಷ ಕೊಟ್ಟ ಸಂಬಳವನ್ನಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು. 56 ಮಿಲಿಯನ್ನಿನ ನಾಲ್ಕು ವರ್ಷಕ್ಕೆ 14. ಮೂರನೇ ವರ್ಷ ದಾಟುತ್ತಿರುವ ತಂಡಕ್ಕೆ ಅದೇ ಆಟಗಾರ 21 ಮಿಲಿಯನ್ ಬೀಳುತ್ತಾನೆ. ಮೊದಲ ವರ್ಷ ಕಡಿಮೆ ಕೊಟ್ಟು ಆಮೇಲೆ ಹೆಚ್ಚು ಕೊಡುವ ಉಪಾಯದಿಂದ ಈ ತೆರಿಗೆ ತಪ್ಪುವುದಿಲ್ಲ.

ನಮ್ಮವರಿಗೆ ಮಾತ್ರ ಹೇಳಬೇಕಾದ ಒಂದು ಮಾತು: ತಲೆಯಲ್ಲಿ ಲಕ್ಷ–ಕೋಟಿಯಲ್ಲಿ ಎಣಿಸಿ ಬಾಯಲ್ಲಿ ಮಿಲಿಯನ್ ಹೇಳುವಾಗ ಒಂದು ಸೊನ್ನೆ ಜಾರುತ್ತದೆ. 5.6 ಕೋಟಿ ಎಂದರೆ 56 ಮಿಲಿಯನ್. ಎಕ್ಸೆಲ್ ಶೀಟಿನಲ್ಲೂ ಸಂಖ್ಯೆಯ ಅಲ್ಪವಿರಾಮ ಅಲ್ಲಿಯವರ ರೀತಿಯಲ್ಲೇ ಇರಲಿ.

ಡೇಟಾದ ಗುಂಡಿಗಳು

2015ರಿಂದ ಎಲ್ಲ 30 ಮೈದಾನಗಳಲ್ಲೂ ಚೆಂಡಿನ, ಆಟಗಾರರ ಚಲನೆ ಅಳೆಯುವ ಸ್ಟ್ಯಾಟ್‌ಕಾಸ್ಟ್ ಇದೆ. 2020ರಿಂದ ಅದನ್ನು ನಡೆಸುತ್ತಿರುವುದು ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ತೋರಿಸುವ ಅದೇ ಹಾಕ್‌ಐ ಕ್ಯಾಮೆರಾಗಳು. ಬೇಸ್‌ಬಾಲ್ ಸಾವಂಟ್ ತಾಣದಿಂದ ಪ್ರತಿ ಪಿಚ್‌ನ ಸಾಲು ಉಚಿತವಾಗಿ ಸಿಗುತ್ತದೆ. ಸೀಸನ್ನಿಗೆ ಸುಮಾರು 7 ಲಕ್ಷ ಸಾಲು. ಒಂದೇ ಸಲ ಇಡೀ ಸೀಸನ್ ಕೇಳಿದರೆ ಮಿತಿ ಮೀರಿ ಅರ್ಧ ಫೈಲ್ ಬರುತ್ತದೆ, ದೋಷದ ಸಂದೇಶವೂ ಬರದಿರಬಹುದು. ಪೈಬೇಸ್‌ಬಾಲ್ ಅಥವಾ ಆರ್ ಭಾಷೆಯ ಬೇಸ್‌ಬಾಲ್‌ಆರ್ ಬಳಸಿ ಕೆಲವೇ ದಿನಗಳ ತುಂಡಾಗಿ ಇಳಿಸಿ, ಪಾರ್ಕೆ ಫೈಲಾಗಿ ಉಳಿಸಿ. ಇದನ್ನು ಪ್ರಶ್ನೆ ಬರುವ ಮೊದಲೇ ಮುಗಿಸಿಡಿ. ಪ್ರಶ್ನೆ ಬಂದ ರಾತ್ರಿ ಡೌನ್‌ಲೋಡ್‌ಗೆ ಕೂತರೆ ಒಂದು ದಿನ ಹೋಯಿತು.

'ಪ್ಲೇಯರ್ ನೇಮ್' ಎಂಬ ಕಾಲಂನಲ್ಲಿ ಬ್ಯಾಟರ್ ಹೆಸರಿದೆ ಎಂದುಕೊಳ್ಳಬೇಡಿ, ಪೈಬೇಸ್‌ಬಾಲ್‌ನಿಂದ ಸೀಸನ್ ಇಳಿಸಿದರೆ ಅಲ್ಲಿರುವುದು ಪಿಚರ್ ಹೆಸರು. ಬ್ಯಾಟರ್ ಬರೀ ಒಂದು ಅಂಕಿಯಾಗಿರುತ್ತಾನೆ, ಹೆಸರಿಗೆ ಆಟಗಾರರ ಅಂಕಿ–ಹೆಸರುಗಳ ಪಟ್ಟಿಯಾದ ಚಾಡ್ವಿಕ್ ರಿಜಿಸ್ಟರ್‌ನೊಂದಿಗೆ ಜೋಡಿಸಬೇಕು. ಮಾರ್ಚ್ ತಿಂಗಳ ಸಾಲುಗಳಲ್ಲಿ ಅಭ್ಯಾಸ ಪಂದ್ಯಗಳೂ ಸೇರಿರುತ್ತವೆ, 'ಗೇಮ್ ಟೈಪ್' ಕಾಲಂನಲ್ಲಿ ಆರ್ ಅಕ್ಷರ (ನಿಜವಾದ ಸೀಸನ್ ಪಂದ್ಯ) ಇರುವವನ್ನಷ್ಟೇ ಉಳಿಸಿಕೊಳ್ಳಿ. ಪಿಚ್ ಎಷ್ಟು ತಿರುಗಿತು ಎಂಬ ಅಳತೆ ಅಡಿಯಲ್ಲಿದೆ, ಇಂಚಿನಲ್ಲಲ್ಲ. 2020ರಲ್ಲಿ ತಂಡಕ್ಕೆ 60 ಪಂದ್ಯ ಮಾತ್ರ, ಅದಕ್ಕೆ ಪೂರ್ತಿ ವರ್ಷದ ತೂಕ ಕೊಡಬೇಡಿ. ನಡುವೆ ತಂಡ ಬದಲಿಸಿದ ಆಟಗಾರ ವರ್ಷವಾರು ಅಂಕಿಗಳ ಲಾಹ್‌ಮನ್ ಡೇಟಾಬೇಸ್‌ನಲ್ಲಿ ಎರಡು ಸಾಲಾಗಿರುತ್ತಾನೆ, ಕೂಡಿಸದೆ ಜೋಡಿಸಿದರೆ ಒಬ್ಬನೇ ಇಬ್ಬರಾಗುತ್ತಾನೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ನಮ್ಮ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಎಣಿಸಿ ಬ್ಯಾಟರ್‌ಗೆ ಬೆಲೆ ಕಟ್ಟದ ಹಾಗೆ ಅಲ್ಲಿಯ ಅಂಕಿಯನ್ನೂ ಪಾರ್ಕ್ ಫ್ಯಾಕ್ಟರ್ (ಮೈದಾನದ ಪ್ರಭಾವದ ತಿದ್ದುಪಡಿ) ಇಲ್ಲದೆ ಮುಟ್ಟಬೇಡಿ.

ಕದ್ದ ಬೇಸ್‌ಗಳನ್ನು ಮಾತ್ರ ಸಾವಂಟ್‌ನ ಪಿಚ್ ಫೈಲಿನಲ್ಲಿ ಹುಡುಕಬೇಡಿ. ಬ್ಯಾಟರ್‌ನ ಸರದಿ ನಡುವೆ ನಡೆದ ಕಳವು ಅಲ್ಲಿಯ ಘಟನೆ ಕಾಲಂಗೆ ಬರುವುದೇ ಅಪರೂಪ. ಅದಕ್ಕೆ ಪಂದ್ಯದ ಪ್ರತಿ ಘಟನೆ ದಾಖಲಿಸುವ ರೆಟ್ರೋಶೀಟ್ ಬೇಕು. ಚಾಡ್ವಿಕ್‌ನ ಸಿಡಬ್ಲ್ಯೂಇವೆಂಟ್ ಉಪಕರಣದಿಂದ ಅದನ್ನು ಕೋಷ್ಟಕ ಮಾಡಿಕೊಳ್ಳಬಹುದು. ಅಲ್ಲೂ ಒಂದು ಸೂಕ್ಷ್ಮವಿದೆ. ಪಿಚರ್ ತಾನೇ ಮೊದಲ ಬೇಸ್‌ಗೆ ಎಸೆದು, ಓಡಿಹೋಗುತ್ತಿದ್ದವನನ್ನು ಸಿಕ್ಕಿಸಿದರೂ ಅದು ಕಳವಿನಲ್ಲಿ ಸಿಕ್ಕಿದ್ದು ಎಂದೇ ದಾಖಲಾಗುತ್ತದೆ. ಅದನ್ನು ಬೇರ್ಪಡಿಸದಿದ್ದರೆ ಕ್ಯಾಚರ್ ಚೆಂಡು ಮುಟ್ಟದೆಯೂ ಹೆಸರು ಗಳಿಸುತ್ತಾನೆ. ಮೇಲಿನ ಕೇಸಿನ 27% ಇಂಥ ಔಟ್‌ಗಳಿಂದ ಉಬ್ಬಿದ್ದೇ ಎಂದು ಮೊದಲ ದಿನವೇ ನೋಡಿ. ರೆಟ್ರೋಶೀಟ್ ಬಳಸಿದರೆ ಅವರು ಕೇಳುವ ಹಕ್ಕುಸ್ವಾಮ್ಯದ ವಾಕ್ಯವನ್ನು ಕೊನೆಯ ಸ್ಲೈಡಿನಲ್ಲಿ ಹಾಕುವುದು ಕಡ್ಡಾಯ.

ಮುನ್ಸೂಚನೆಗೆ ದೊಡ್ಡ ಮಾಡೆಲ್ ಬೇಕೇ ಬೇಕು ಎನ್ನುವವರು ಮೊದಲು ಟ್ಯಾಂಗೊ ಅವರ ಸರಳ ಮುನ್ಸೂಚನೆ ವಿಧಾನ ಮಾರ್ಸೆಲ್ ಮಾಡಿ ನೋಡಲಿ. ಕಳೆದ ಮೂರು ವರ್ಷಕ್ಕೆ 5, 4, 3ರ ತೂಕ, ಲೀಗ್ ಸರಾಸರಿಯ 1,200 ಸರದಿ ಸೇರಿಸಿ ಎಳೆತ, 29 ವರ್ಷವನ್ನು ತುದಿಯಾಗಿಟ್ಟು ವಯಸ್ಸಿನ ಸಣ್ಣ ತಿದ್ದುಪಡಿ. ಒಂದು ಮಧ್ಯಾಹ್ನದ ಕೆಲಸ. ನಿಮ್ಮ ನ್ಯೂರಲ್ ನೆಟ್‌ವರ್ಕ್ ಇದನ್ನು ಸೋಲಿಸಿತೇ ಎಂದು ತೀರ್ಪುಗಾರರು ಕೇಳಿದರೆ ಉತ್ತರ ಕೈಯಲ್ಲಿರಬೇಕು. ಸೋಲಿಸದಿದ್ದರೆ ಮಾರ್ಸೆಲ್ಲನ್ನೇ ಬಳಸಿ, ಅದರಲ್ಲಿ ಅವಮಾನವೇನಿಲ್ಲ.

ದಿನಗಳ ಹಂಚಿಕೆ

ಐದು ದಿನ ಸಿಕ್ಕಿತೆನ್ನಿ. ಮೊದಲ ದಿನ ಕೋಡ್ ಮುಟ್ಟದೆ ಕೈಲೆಕ್ಕದಲ್ಲೇ ಪಿಚ್‌ನಿಂದ ಡಾಲರಿನವರೆಗೆ ಒಂದು ಸಲ ಹೋಗಿಬನ್ನಿ, ಮೇಲೆ ಕ್ಯಾಚರ್‌ಗೆ ಮಾಡಿದ ಹಾಗೆ. ಒಂದೂವರೆ ಗಂಟೆ ಸಾಕು. ತೋಳಿಗೆ ಎರಡು ರನ್, ಫ್ರೇಮಿಂಗ್‌ಗೆ ಹನ್ನೆರಡೂವರೆ ಎಂಬುದು ಅವತ್ತೇ ಗೊತ್ತಾದರೆ ಉಳಿದ ದಿನಗಳ ಶ್ರಮ ಎಲ್ಲಿ ಹಾಕಬೇಕೆಂದು ತಾನಾಗಿ ತಿಳಿಯುತ್ತದೆ. ಇದನ್ನು ಮಾಡದ ತಂಡ ಮೂರು ದಿನ ತೋಳಿನ ಮಾಡೆಲ್‌ನಲ್ಲೇ ಮುಳುಗಿರುತ್ತದೆ. ಎರಡು, ಮೂರನೇ ದಿನ ಲೆಕ್ಕ. ಮೂರನೇ ದಿನ ಸಂಜೆಗೆ ಸಂಖ್ಯೆಗಳನ್ನು ಮುಚ್ಚಿಬಿಡಿ. ನಾಲ್ಕನೇ ದಿನ ಊಹೆಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುವುದು ಮತ್ತು ಸ್ಲೈಡ್. ಕೊನೆಯ ದಿನ ಬರೀ ಹೇಳಿ ನೋಡುವುದು, ಗಡಿಯಾರ ಇಟ್ಟುಕೊಂಡು. ಊಹೆಗಳನ್ನು ಅಲುಗಾಡಿಸುವ ಕೆಲಸವನ್ನು ಕೊನೆಯ ರಾತ್ರಿಗೆ ಬಿಟ್ಟರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಉತ್ತರ ತಿರುಗಿಬಿದ್ದರೂ ಸ್ಲೈಡ್ ತಿರುಗಿಸಲು ಸಮಯವಿರುವುದಿಲ್ಲ.

ಸಂಖ್ಯೆಗಳೆಲ್ಲ ಒಂದೇ ಶೀಟಿನಿಂದ ಸ್ಲೈಡಿಗೆ ಬರಲಿ. ಮೂರನೇ ಸ್ಲೈಡಿನಲ್ಲಿ 1.8 ಗೆಲುವು, ಒಂಬತ್ತರಲ್ಲಿ 2.1 ಎಂದಿದ್ದರೆ ಮಿಕ್ಕದ್ದನ್ನು ಯಾರೂ ನಂಬುವುದಿಲ್ಲ. ಮೊದಲ ಸ್ಲೈಡಿನಲ್ಲಿ ತೀರ್ಮಾನ ಇರಲಿ: "56ಕ್ಕೆ ಬೇಡ, 25ರವರೆಗೆ ಮಾತಾಡಿ." ವಿಧಾನದ ವಿವರ ಹಿಂದಿನ ಹೆಚ್ಚುವರಿ ಸ್ಲೈಡ್‌ಗಳಿಗೆ. ಮೇಜಿನ ಆ ಕಡೆ ಕೂತವರಿಗೆ ರನ್ ಎಕ್ಸ್‌ಪೆಕ್ಟೆನ್ಸಿ ಎಂದರೇನು ಎಂದು ವಿವರಿಸುತ್ತಾ ಮೂರು ನಿಮಿಷ ಕಳೆಯಬೇಡಿ, ಅವರು ಅದರಲ್ಲೇ ಅನ್ನ ತಿನ್ನುವವರು. ಪ್ರಶ್ನೋತ್ತರಕ್ಕೆ ಡೇಟಾ, ದುಡ್ಡು, ಆಟ ಎಂದು ವಿಷಯ ಹಂಚಿಕೊಳ್ಳಿ, ಒಬ್ಬರ ಉತ್ತರಕ್ಕೆ ಇನ್ನೊಬ್ಬರು ಬಾಲ ಸೇರಿಸಬಾರದು.

ತಯಾರಿ ಮಾಡಿಕೊಳ್ಳಲೇಬೇಕಾದ ಪ್ರಶ್ನೆ ಒಂದಿದೆ: ಯಾವುದು ಬದಲಾದರೆ ನಿಮ್ಮ ಉತ್ತರ ಬದಲಾಗುತ್ತದೆ? "ಹಲವು ಅಂಶಗಳಿವೆ" ಎಂದರೆ ಕೆಲಸ ಕೆಟ್ಟಿತು. ನಮ್ಮ ಕೇಸಿನಲ್ಲಿ ಲೆಕ್ಕ ಹಾಕಬಹುದು. ಫ್ರೇಮಿಂಗ್ ಸವೆದ ಮೇಲೆ ಹೊಸ ಕ್ಯಾಚರ್ ನಾಲ್ಕು ವರ್ಷಕ್ಕೆ ಕೊಡುವುದು 5.8 ಗೆಲುವು. 53 ಮಿಲಿಯನ್ ಹೆಚ್ಚುವರಿ ಖರ್ಚು ಗಿಟ್ಟಲು 12ರ ದರದಲ್ಲಿ ಎಳೆಯನಿಗಿಂತ 4.4 ಗೆಲುವು ಹೆಚ್ಚು ಬೇಕು. ಹಾಗಾಗಲು ಎಳೆಯ ಕ್ಯಾಚರ್ ವರ್ಷಕ್ಕೆ 1.0 ಅಲ್ಲ, 0.35 ವಾರ್ ಅಥವಾ ಅದಕ್ಕಿಂತ ಕೆಳಗಿನವನಾಗಿರಬೇಕು. ಅಂದರೆ ತೀರ್ಮಾನ ನಿಂತಿರುವುದು ಐದು ದಿನ ಎಲ್ಲರೂ ಅಳೆದ 30 ವರ್ಷದವನ ಮೇಲಲ್ಲ, ಯಾರೂ ಸರಿಯಾಗಿ ನೋಡದ ಆ ಹುಡುಗನ ಮೇಲೆ. ಅವನ ಮೈನರ್ ಲೀಗ್ (ಕೆಳಹಂತದ ಲೀಗ್) ಅಂಕಿಗಳಿಗೆ ಒಂದು ಹೆಚ್ಚುವರಿ ಸ್ಲೈಡ್ ಮಾಡಿಟ್ಟುಕೊಳ್ಳಿ.